ಹತ್ತು ಎಣಿಸುವ ತನಕ

ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಬೇಕು. ಉತ್ತರ ಬರಲಿಲ್ಲವೆಂದು ಅವಸರ ಮಾಡಬಾರದು, ಅದನ್ನೇ ಬೇರೆ ಮಾತಿನಲ್ಲಿ ಕೇಳಬಾರದು, ಕಾಗದ ಸರಿಸಬಾರದು. ಸುಮ್ಮನೆ ಎಣಿಸಬೇಕು. ಎದುರಿಗೆ ಕೂತವರ ಹೊಟ್ಟೆಯಲ್ಲಿ ಮಾತಿದ್ದರೆ ಏಳೆಂಟರೊಳಗೆ ಹೊರಗೆ ಬರುತ್ತದೆ.

ಹಾವೇರಿಯ ಮಿಷನ್ ಕಾಲೇಜಿನಲ್ಲಿ ಎರಡನೆಯ ವರ್ಷಕ್ಕೆ ಕಲಿಸುವ ಪಾಠ ಇದು. ಮೈಲೇಶ ಅದನ್ನು ಎಷ್ಟು ಮನಸ್ಸಿಟ್ಟು ಕಲಿತಿದ್ದನೆಂದರೆ ಮನೆಯಲ್ಲೂ ಬಿಡುತ್ತಿರಲಿಲ್ಲ. 'ಸಾರಿಗೆ ಉಪ್ಪು ಹಾಕೀಯೇನು?' ಎಂದು ಹೆಂಡತಿಯನ್ನು ಕೇಳಿ, ತುತ್ತು ಕೈಯಲ್ಲಿ ಹಿಡಿದು ಸುಮ್ಮನೆ ಕೂತುಬಿಡುತ್ತಿದ್ದ. ಸುಚಿತ್ರಾ ನಗುತ್ತಿದ್ದಳು. 'ಎಷ್ಟಕ್ಕ ಬಂತು? ಆರೋ, ಏಳೋ?'

ಅವನು ತೀರಿಕೊಂಡು ಈಗ ಆರು ತಿಂಗಳು. ಫೆಬ್ರುವರಿ ಇಪ್ಪತ್ತೊಂದರಂದು ಮೋಟೆಬೆನ್ನೂರು ಕ್ರಾಸಿನಲ್ಲಿ, ಒಣಮೆಣಸಿನಕಾಯಿ ಚೀಲ ಹೇರಿಕೊಂಡು ಬ್ಯಾಡಗಿಯ ಕಡೆ ತಿರುಗುತ್ತಿದ್ದ ಲಾರಿಗೆ ಅವನ ಬೈಕು ಸಿಕ್ಕಿತು. ಜೇಬಿನಲ್ಲಿದ್ದ ಫೋನಿನ ಗಾಜು ಮಾತ್ರ ಬಿರಿದಿತ್ತು. ಒಳಗಿದ್ದುದೆಲ್ಲ ಸರಿಯಾಗಿಯೇ ಇತ್ತು.

ಆ ಫೋನಿನಲ್ಲಿ ಹನ್ನೊಂದು ಸಂದರ್ಶನಗಳಿದ್ದವು. ಮಿಷನ್ ಸೇವೆಯ ಪದವಿಗೆ ಮೂರನೆಯ ವರ್ಷ ಒಂದು ಕ್ಷೇತ್ರ ಅಧ್ಯಯನ ಮಾಡಬೇಕು. ಊರೊಂದನ್ನು ಹಿಡಿದು, ಹನ್ನೆರಡು ಜನರನ್ನು ಮಾತಾಡಿಸಿ, ಅಲ್ಲಿನವರ ನಂಬಿಕೆ ಏನು, ಅವರಿಗೆ ಸುವಾರ್ತೆಯ ಉತ್ತರ ಏನು ಎಂದು ಐದು ಅಧ್ಯಾಯ ಬರೆಯಬೇಕು. ಗಂಡಹೆಂಡತಿ ಇಬ್ಬರೂ ವಿದ್ಯಾರ್ಥಿಗಳಾಗಿದ್ದರೆ ಒಂದೇ ಪುಸ್ತಕಕ್ಕೆ ಎರಡು ಹೆಸರು ಹಾಕಲು ಕಾಲೇಜು ಒಪ್ಪುತ್ತಿತ್ತು. ಕೇಳುವವನು ಮೈಲೇಶ, ಕೇಳಿಸಿಕೊಂಡು ಟೈಪ್ ಮಾಡುವವಳು ಸುಚಿತ್ರಾ ಎಂದು ಇಬ್ಬರೂ ಹಂಚಿಕೊಂಡಿದ್ದರು. ಅವನು ಆರಿಸಿಕೊಂಡದ್ದು ತಾನು ಹುಟ್ಟಿದ ಕುಪ್ಪೇಲೂರನ್ನು. ವಿಷಯ, ಸತ್ತವರ ಬಗ್ಗೆ ಊರವರ ನಂಬಿಕೆ.

ಹೆಸರೇ ಹೇಳುವಂತೆ ಅವನದು ದೇವರಗುಡ್ಡದ ಮೈಲಾರ ದೇವರಿಗೆ ನಡೆದುಕೊಳ್ಳುವ ಮನೆ. ಹತ್ತೊಂಬತ್ತನೆಯ ವಯಸ್ಸಿಗೆ ಬ್ಯಾಡಗಿಯ ಕೋಲ್ಡ್ ಸ್ಟೋರೇಜಿಗೆ ಕೆಲಸಕ್ಕೆ ಬಂದವನು, ಸುಚಿತ್ರಾಳ ಅಪ್ಪ ತಿರಕಪ್ಪನ ಜೊತೆ ಚೀಲ ಹೊತ್ತು, ಒಂದು ಭಾನುವಾರ ಅವನ ಜೊತೆ ಕ್ರೈಸ್ತ ಸಭೆಯ ದೇವಾಲಯಕ್ಕೂ ಬಂದ. ದೀಕ್ಷಾಸ್ನಾನದ ಹೊತ್ತಿಗೆ ಬೇರೆ ಹೆಸರು ಇಟ್ಟುಕೋ ಎಂದು ಹಿರಿಯರು ಹೇಳಿದಾಗ, 'ನಮ್ಮವ್ವ ಕರಿಯೋ ಹೆಸರು ಬಿಟ್ಟು ಬ್ಯಾರೆ ಕರದ್ರ ನಾ ತಿರಗಿ ನೋಡಂಗಿಲ್ಲರಿ' ಎಂದಿದ್ದ. ಮೆಣಸಿನಕಾಯಿಯ ಘಾಟು ಅವನ ಎದೆಯಲ್ಲಿ ಉಳಿದುಹೋಗಿತ್ತು. ಮಾತು ಶುರು ಮಾಡುವ ಮೊದಲು ಒಂದು ಸಣ್ಣ ಕೆಮ್ಮು ಕೆಮ್ಮುತ್ತಿದ್ದ, ಬಾಗಿಲು ತಟ್ಟಿ ಒಳಗೆ ಬರುವವರ ಹಾಗೆ.

ಆ ಕೆಮ್ಮನ್ನೂ ಸುಚಿತ್ರಾ ಟೈಪ್ ಮಾಡಬೇಕಿತ್ತು. ಕೇಳಿದ್ದನ್ನೆಲ್ಲ ಬರೆಯಬೇಕು, ಏನನ್ನೂ ಬಿಡಬಾರದು ಎಂಬುದು ನಿಯಮ. ಮಾತು ನಿಂತರೆ ಕಂಸದಲ್ಲಿ ಮೌನ ಎಂದು, ನಕ್ಕರೆ ನಗು ಎಂದು, ಕೆಮ್ಮಿದರೆ ಕೆಮ್ಮು ಎಂದು.

ಮಧ್ಯಾಹ್ನ ಮೂರಕ್ಕೆ ಕಾಲೇಜಿನ ಕ್ವಾರ್ಟರ್ಸ್ ಸದ್ದಿಲ್ಲದೆ ಮಲಗಿರುತ್ತಿತ್ತು. ಸುಚಿತ್ರಾ ಏಳನೆಯ ಸಂದರ್ಶನ ಹಾಕಿದಳು. ಏಳನೆಯ ಮಾಹಿತಿದಾರಳು: ಹೆಣ್ಣು, ವಯಸ್ಸು ಐವತ್ತೆಂಟು, ಒಕ್ಕಲುತನ, ಓದು ಇಲ್ಲ. ಮೈಲೇಶನ ತಾಯಿ ಉಚ್ಚಂಗೆವ್ವ. ನಿಯಮದಂತೆ ಅವಳ ಹೆಸರು ಎಲ್ಲೂ ಬರುವಂತಿರಲಿಲ್ಲ.

'ಯವ್ವಾ, ಹೋದೋರು ಬರ್ತಾರೇನು?'

ಒಂದು, ಎರಡು, ಮೂರು. ದೂರದಲ್ಲೊಂದು ಕರು ಕೂಗಿತು. ನಾಲ್ಕು, ಐದು.

'ಬರ್ತಾರಪಾ. ಅಮಾಸಿ ದಿನ ಎಡಿ ಇಟ್ರ ಬರ್ತಾರ.'

'ಬಂದದ್ದು ಹೆಂಗ ಗೊತ್ತಾಗತೈತಿ?'

'ಅನ್ನ ತಣ್ಣಗಾಗಿರ್ತೈತಿ. ಅಗಳು ಹಂಗ ಬಿಟ್ಟು ಬಿಸಿ ಅಷ್ಟ ಒಯ್ತಾರ. ಸತ್ತೋರಿಗೆ ಬಿಸಿ ಬೇಕಪಾ, ಅನ್ನ ತಗೊಂಡು ಏನ್ ಮಾಡ್ತಾರ ಅವರು.'

ಬಾಗಿಲು ಸದ್ದಾಯಿತು. ಪಕ್ಕದ ಕೋಣೆಯ ಭುವನಾ, ಮೊದಲ ವರ್ಷದ ವಿದ್ಯಾರ್ಥಿಯ ಹೆಂಡತಿ, ಕೈಯಲ್ಲಿ ಸವುಟು ಹಿಡಿದು ನಿಂತಿದ್ದಳು.

'ಅಕ್ಕಾರ, ಯಾರ ಜೋಡಿ ಮಾತಾಡಾಕತ್ತೀರಿ?'

'ಯಾರ ಜೋಡೀನೂ ಇಲ್ಲ. ಟೈಪ್ ಮಾಡಾಕತ್ತೇನಿ.'

'ಮೈಲೇಶಣ್ಣಾರ ದನಿ ಕೇಳ್ತು. ನನ್ನ ಎದಿ ಝಲ್ ಅಂತು ನೋಡ್ರಿ. ಒಲಿ ಮ್ಯಾಗ ಕುಕ್ಕರ್ ಬಿಟ್ಟ ಬಂದೇನಿ.'

'ಹಂಗಾರ ಲಗೂ ಹೋಗು. ಅನ್ನ ಹತ್ತತೈತಿ.'

ಭುವನಾ ಹೋಗಲಿಲ್ಲ. 'ಕಿವಿಗೆ ಹಾಕ್ಕೊಂಡು ಕೇಳ್ರಿ ಅಕ್ಕಾರ. ನಮ್ಮನಿಯಾರು ಪ್ಯಾಟ್ಯಾಗಿಂದ ತಂದುಕೊಡ್ತಾರ. ಹಿಂಗ ಬಯಲಾಗ ಹಾಕಿದ್ರ ಮಂದಿ ಏನ್ ತಿಳ್ಕೊಳ್ಳಬೇಕು? ಕಾಲೇಜಿನಾಗ ದೆವ್ವ ಐತಿ ಅಂತಾರ.'

'ಪಾಸ್ಟರ್ ಆಗೋರ ಹೇಣ್ತಿ ನೀ. ದೆವ್ವ ಅಂತೀಯಲ್ಲ.'

'ಪಾಸ್ಟರ್ ಆಗೋರು ಅವರು. ನಾ ಇನ್ನೂ ಅಂಜತೇನಿ.'

ಸುಚಿತ್ರಾ ಕಿವಿಗೆ ಹಾಕಿಕೊಂಡು ನೋಡಿದ್ದಳು. ಆಗ ಧ್ವನಿ ಕೋಣೆಯಲ್ಲಿ ಇರುತ್ತಿರಲಿಲ್ಲ, ತಲೆಯೊಳಗೆ ಇರುತ್ತಿತ್ತು. ಕಿತ್ತಿಟ್ಟಿದ್ದಳು. ಕೋಣೆಯಲ್ಲೇ ಇರಲಿ.

ಆಗಸ್ಟ್ ಕೊನೆಗೆ ವೀರೇಂದ್ರ ಸರ್ ಅವಳನ್ನು ಕರೆಸಿದರು. ಅವರು ಗೈಡ್, ಸ್ವಭಾವದಿಂದ ಮೃದು, ಕೆಟ್ಟ ಸುದ್ದಿ ಹೇಳುವಾಗ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿದ್ದರು.

'ಹನ್ನೊಂದಕ್ಕ ಅವರು ಒಪ್ಪೂದಿಲ್ಲ ಸುಚಿತ್ರಾ. ಹನ್ನೆರಡು ಆಗಲೇಬೇಕು. ನಾನೂ ಕೇಳಿ ನೋಡಿದೆ. ಸೆಪ್ಟೆಂಬರ್ ಮೊದಲ ಸೋಮವಾರ ಪುಸ್ತಕ ಕೊಟ್ರ ಪದವಿ ಆಗತದ, ಹೆಣ್ಣುಮಕ್ಕಳ ಹಾಸ್ಟೆಲ್‌ನ ಕೆಲಸಕ್ಕ ನಿನ್ನ ಹೆಸರು ನಾನ ಬರಿತೀನಿ. ಇಲ್ಲಂದ್ರ...' ಮುಚ್ಚಳ ಹಾಕಿದರು. 'ಕ್ವಾರ್ಟರ್ಸ್ ಹೊಸ ಹುಡುಗರಿಗೆ ಬಿಡಬೇಕಾಗತದ.'

ಅಂದರೆ ಬ್ಯಾಡಗಿ. ಅವ್ವ ಪ್ರೇಮವ್ವ ವಾರಕ್ಕೊಮ್ಮೆ ಫೋನಿನಲ್ಲಿ ಕರೆಯುತ್ತಲೇ ಇದ್ದಳು. 'ಬಂದಬಿಡು. ಸೀಜನ್ ಸುರು ಆದ್ರ ಇಬ್ಬರೂ ಕೂಡಿ ಮೆಣಸಿನಕಾಯಿ ತೊಟ್ಟು ಬಿಡಸಾಕ ಹೋಗೂಣು. ನಾಕ ಮಂದ್ಯಾಗ ಕುಂತ್ರ ಹೊತ್ತು ಹೋಗತೈತಿ.' ಹೊತ್ತು ಹೋಗುವುದು ಸುಚಿತ್ರಾಳಿಗೆ ಬೇಕಾಗಿರಲಿಲ್ಲ. ಅವಳಿಗೆ ಬೇಕಾಗಿದ್ದುದು ಈ ಪುಸ್ತಕದ ರಟ್ಟಿನ ಮೇಲೆ ಎರಡು ಹೆಸರು. ಆದರೆ ಪುಸ್ತಕ ಮುಗಿದರೆ ಮಧ್ಯಾಹ್ನ ಮೂರಕ್ಕೆ ಆ ಧ್ವನಿ ಕೇಳಲು ಅವಳಿಗೆ ಕಾರಣವಿರುವುದಿಲ್ಲ. ಇದು ಅವಳಿಗೆ ಗೊತ್ತಿತ್ತು. ಅದಕ್ಕೇ ಆರು ತಿಂಗಳಲ್ಲಿ ಹನ್ನೊಂದನ್ನು ಬರೆದಿದ್ದಳು, ತಿಂಗಳಿಗೆ ಎರಡರಂತೆಯೂ ಅಲ್ಲ.

ಮರುದಿನ ರಾಣೆಬೆನ್ನೂರಿಗೆ ಹೋಗಿ, ಅಲ್ಲಿಂದ ಕುಪ್ಪೇಲೂರಿನ ಬಸ್ಸು ಹಿಡಿದಳು.

ಊರ ಬಾಗಿಲಲ್ಲೇ ಫಕ್ಕೀರಪ್ಪ ಸಿಕ್ಕ. ಮೈಲೇಶನ ಪಟ್ಟಿಯಲ್ಲಿ ಅವನು ಮೂರನೆಯ ಮಾಹಿತಿದಾರ. ಕಟ್ಟೆಯ ಮೇಲೆ ಕೂತು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ.

'ಬಾ ತಂಗಿ. ಮತ್ತ ಬರಕೊಳ್ಳಾಕ ಬಂದೀಯೇನು?'

'ಒಬ್ಬರು ಕಡಿಮಿ ಆಗ್ಯಾರ ಕಾಕಾರ. ಯಾರರ ಮಾತಾಡ್ತಾರೇನು?'

'ಯಾರೂ ಆಡಂಗಿಲ್ಲ.' ಅವನು ಎಣ್ಣೆಯ ಬಟ್ಟಲು ಪಕ್ಕಕ್ಕಿಟ್ಟ. 'ನಿನ್ನ ಗಂಡ ಇಲ್ಲೇ ಕುಂತಿದ್ದ, ಈ ಕಲ್ಲಿನ ಮ್ಯಾಲ. ಕಾಕಾ, ಸತ್ತೋರು ಬರ್ತಾರೇನು ಅಂದ. ಕೇಳಿ ಸುಮ್ಮನ ಕುಂತ, ನಮ್ಮ ಎಮ್ಮಿ ಹಿಂಡಿ ಬುಟ್ಟಿ ನೋಡಿದಂಗ ನನ್ನ ಬಾಯಿ ನೋಡ್ಕೋತ. ಅವನ ಕಾಟ ತಾಳಲಾರದ ಬರ್ತಾರಪಾ ಅಂದೆ. ತಿಂಗಳ ಆಗಲಿಲ್ಲ, ತಾನ ಹೋದ. ಊರಾಗ ಎಲ್ಲಾರೂ ಅದನ್ನ ಮಾತಾಡಾಕತ್ತಾರ. ಹಂಗ ಕೇಳಬಾರದಿತ್ತು ಅಂತ. ಇನ್ನ ಆ ಮಾತಿಗೆ ಯಾರೂ ಬಾಯಿ ಬಿಡಂಗಿಲ್ಲವಾ.'

'ಕೇಳಿದ್ದಕ್ಕ ಹೋದ ಅಂತೀರೇನು?'

ಫಕ್ಕೀರಪ್ಪ ಎಣ್ಣೆಗೈಯನ್ನು ಮೊಣಕಾಲಿಗೆ ಒರೆಸಿಕೊಂಡ. ಸುಚಿತ್ರಾ ಅರಿವಿಲ್ಲದೆ ಎಣಿಸತೊಡಗಿದ್ದಳು. ಆರಕ್ಕೆ ಬರುವಾಗ ಅವನು ಎದ್ದು ನಿಂತ. 'ನೀನೂ ಸುರು ಮಾಡಿದಿ. ಹೋಗು, ನಿಮ್ಮತ್ತಿ ಮನ್ಯಾಗ ಅದಾಳ.'

ಉಚ್ಚಂಗೆವ್ವ ಅಂಗಳದಲ್ಲಿ ಸೆಣಬಿನ ಚೀಲದ ಮೇಲೆ ಹೆಸರುಕಾಳು ಹರವುತ್ತಿದ್ದಳು. ಸೊಸೆಯನ್ನು ಕಂಡು ಕೈ ಝಾಡಿಸಿ, ನೀರು ಕೊಟ್ಟು, ಎದುರಿಗೆ ಕೂತು ಮೊದಲು ಕೇಳಿದ್ದು ಒಂದೇ. 'ಫೋನು ತಂದೀಯೇನು?'

ಸುಚಿತ್ರಾ ಏಳನೆಯದನ್ನು ಹಾಕಿದಳು. ಉಚ್ಚಂಗೆವ್ವ ಗೋಡೆಗೆ ಒರಗಿ ಕೇಳಿದಳು. ಮಗನ ಪ್ರಶ್ನೆ ಬಂದಾಗಲೆಲ್ಲ ಫೋನಿನೊಳಗಿನ ಅವಳು ಉತ್ತರಿಸುವ ಮೊದಲೇ ಹೊರಗಿನ ಅವಳು ಉತ್ತರಿಸಿಬಿಡುತ್ತಿದ್ದಳು. ಮುಗಿದ ಮೇಲೆ ಇನ್ನೊಮ್ಮೆ ಹಾಕು ಎಂದಳು. ಮತ್ತೊಮ್ಮೆ. ನಾಲ್ಕನೆಯ ಸಲಕ್ಕೆ ಎಂಟೂ ಪ್ರಶ್ನೆಗಳನ್ನು ಅವಳ ತುಟಿಯೇ ಮುಂದಾಗಿ ಹೇಳುತ್ತಿತ್ತು.

'ಅವನ್ನ ನಿಮ್ಮ ಸಭಾದ ಮಣ್ಣಾಗ ಇಟ್ರಿ. ಪ್ರಾರ್ಥನಾ ಮಾಡಿದ್ರಿ. ಅದಕ್ಕ ನಾ ಏನೂ ಅನ್ನಂಗಿಲ್ಲ, ಅವನ ಮನಸ್ಸಿನಂಗ ಆತು,' ಎಂದಳು ಉಚ್ಚಂಗೆವ್ವ. 'ಬರೋ ತಿಂಗಳು ಹಿರೇರ ಅಮಾಸಿ ಐತಿ. ನಾ ಎಡಿ ಇಟ್ರ ಅವ ಬರಂಗಿಲ್ಲ. ಸಭಾದಾಗ ಕೂಡಿದಾಂವ, ನಾಚಿಕೊಂತಾನ. ನಿನ್ನ ಕೈಲೆ ಒಂದು ಗಂಗಾಳ ಇಡು. ಹೇಣ್ತಿ ನೀಡಿದ್ರ ಬರ್ತಾನ.'

'ನಮ್ಮಾಗ ಇಡಂಗಿಲ್ಲ ಅತ್ತಿ.'

'ಹೂಂ. ಅದೂ ಖರೇ.' ಉಚ್ಚಂಗೆವ್ವ ಹೆಸರುಕಾಳಿನಲ್ಲಿ ಕೈಯಾಡಿಸಿದಳು. 'ಆ ಫೋನಿನಾಗ ಇಟಗೊಂಡು ಅಡ್ಡಾಡೂದು ನಡೀತೈತಿ ನಿಮ್ಮಾಗ. ಗಂಗಾಳ ನಡ್ಯಾಂಗಿಲ್ಲ.'

ಅದು ಚುಚ್ಚುಮಾತಲ್ಲ, ಅವಳು ನಿಜವಾಗಿಯೂ ಲೆಕ್ಕ ಹಾಕುತ್ತಿದ್ದಳು. ಸುಚಿತ್ರಾ ಸಂಜೆಯ ಬಸ್ಸಿಗೆ ಬರಿಗೈಯಲ್ಲಿ ತಿರುಗಿದಳು.

ಫೋನಿನಲ್ಲಿ ಇನ್ನೊಂದು ಇತ್ತು. ಹನ್ನೆರಡನೆಯದು. ಆ ದಿನದವರೆಗೆ ಅವಳು ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಫೆಬ್ರುವರಿ ಒಂಬತ್ತರಂದು, ಮೊದಲ ಸಂದರ್ಶನಕ್ಕೆ ಹೋಗುವ ಮುಂಚೆ, ಮೈಲೇಶ ಇದೇ ಕೋಣೆಯಲ್ಲಿ ಒಬ್ಬನೇ ಕೂತು ಅಭ್ಯಾಸಕ್ಕೆಂದು ರೆಕಾರ್ಡ್ ಮಾಡಿಕೊಂಡದ್ದು ಅದು. ಎಂಟು ಪ್ರಶ್ನೆಗಳು. ಪ್ರತಿಯೊಂದರ ನಂತರ ಹತ್ತು ಎಣಿಸುವಷ್ಟು ಖಾಲಿ ಜಾಗ. ಉತ್ತರಿಸುವವರು ಯಾರೂ ಇಲ್ಲ.

ಶುಕ್ರವಾರ ಮಧ್ಯಾಹ್ನ ಅವಳು ಅದನ್ನು ಹಾಕಿದಳು. ಪುಸ್ತಕ ಕೊಡಲು ಮೂರು ದಿನ ಉಳಿದಿದ್ದವು.

ಕೆಮ್ಮು. 'ನಿಮ್ಮ ಮನ್ಯಾಗ ಯಾರರ ಹೋಗ್ಯಾರೇನು?'

ಒಂದು, ಎರಡು, ಮೂರು, ನಾಲ್ಕು. ಫ್ಯಾನು ತಿರುಗುತ್ತಿತ್ತು. ಈಗ ತಿರುಗುತ್ತಿದ್ದ ಫ್ಯಾನೋ, ಆಗ ತಿರುಗುತ್ತಿದ್ದ ಫ್ಯಾನೋ, ಎರಡೂ ಒಂದೇ ಫ್ಯಾನು.

'ನನ್ನ ಗಂಡ,' ಎಂದಳು ಸುಚಿತ್ರಾ.

'ಎಷ್ಟ ದಿನ ಆತು?' ಮುಂದಿನ ಪ್ರಶ್ನೆ ಅದೇ ಆಗಿತ್ತು. ಅವನು ಕಾದ. ಅವಳು ಅವಸರಪಡಲಿಲ್ಲ.

'ಆರು ತಿಂಗಳು.'

'ಹೋದೋರು ಬರ್ತಾರೇನು?'

'ಬರ್ತಾರ. ಮಧ್ಯಾಹ್ನ ಮೂರಕ್ಕ.'

'ಬಂದದ್ದು ಹೆಂಗ ಗೊತ್ತಾಗತೈತಿ?'

'ಮೊದಲ ಕೆಮ್ಮತಾರ.'

ಹೀಗೆ ನಡೆಯಿತು. ಎಲ್ಲೂ ಅವನ ಮಾತು ಅವಳ ಮಾತನ್ನು ತುಳಿಯಲಿಲ್ಲ. ಅವಳಿಗೆ ಎಷ್ಟು ಬೇಕೋ ಅಷ್ಟೇ ಜಾಗವನ್ನು ಅವನು ಬಿಟ್ಟು ಹೋಗಿದ್ದ. ಐದನೆಯದು ಏನು ಬೇಡುತ್ತಾರೆ, ಆರನೆಯದು ಅಂಜಿಕೆ ಬರುತ್ತದೆಯೇ, ಏಳನೆಯದು ಅವರಿಗೆ ಹೇಳದೆ ಉಳಿದದ್ದು ಏನು. ಏಳನೆಯದಕ್ಕೆ ಅವಳು ಹೇಳಿದ್ದು ಇಷ್ಟೇ: 'ಆ ದಿನ ಮುಂಜಾನೆ ನಾ ಸಿಟ್ಟಿಲೆ ಬಾಗಲಾ ಹಾಕ್ಕೊಂಡೆ. ಒಳಗಿಂದ ನಾನೂ ಹತ್ತು ಎಣಿಸಿದೆ. ತೆಗಿಯೂದ್ರಾಗ ಹೋಗಿಬಿಟ್ಟಿದ್ದಿ.'

ಎಂಟನೆಯದು: 'ಹೋದೋರನ್ನ ತಿರಗಿ ಕಳಸಾಕ ಏನ್ ಮಾಡ್ತೀರಿ?'

ಹತ್ತೂ ಮುಗಿದವು. ಅವಳ ಬಾಯಿಂದ ಏನೂ ಬರಲಿಲ್ಲ. ಟಕ್ ಎಂದು ರೆಕಾರ್ಡ್ ನಿಂತಿತು.

ಆಮೇಲೆ ಅವಳು ಟೈಪ್ ಮಾಡಿದಳು. ಆರು ತಿಂಗಳಿಂದ ಕೇಳಿದ್ದನ್ನೆಲ್ಲ ಬರೆದು ಬರೆದು ಅವಳ ಬೆರಳುಗಳಿಗೆ ಬೇರೆ ದಾರಿ ಗೊತ್ತಿರಲಿಲ್ಲ. ಫಾರ್ಮಿನ ಮೇಲ್ಭಾಗವನ್ನೂ ಅಭ್ಯಾಸದಂತೆ ತುಂಬಿದಳು. ಮಾಹಿತಿದಾರಳು ಹನ್ನೆರಡು. ಹೆಣ್ಣು, ಇಪ್ಪತ್ತೇಳು, ಬಿ.ಎ., ವಿಧವೆ. ಸಂದರ್ಶಕ: ಮೈಲೇಶ. ದಿನಾಂಕ ಫೋನಿನಲ್ಲಿ ಇದ್ದುದೇ, ಫೆಬ್ರುವರಿ ಒಂಬತ್ತು. ಸೋಮವಾರ ಬಸ್ ಸ್ಟ್ಯಾಂಡಿನ ಹತ್ತಿರದ ಬುಡನಸಾಬನ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ರಟ್ಟು ಹಾಕಿಸಿ, ಕಾಲೇಜಿಗೆ ಕೊಟ್ಟಳು. ಅವಳಿಗೆ ತಾನೇನು ಮಾಡಿದ್ದೇನೆಂಬುದು ಇನ್ನೂ ಹೊಳೆದಿರಲಿಲ್ಲ.

ಅದು ಹೊಳೆದದ್ದು ವೈವಾ ದಿನ, ವೀರೇಂದ್ರ ಸರ್ ಹೊಗಳಿದಾಗ.

ಧಾರವಾಡದಿಂದ ಪರೀಕ್ಷೆಗೆ ಬಂದಿದ್ದ ಮೇಡಂ ವಯಸ್ಸಾದವರು, ಬಿಳಿ ಸೀರೆ, ದಪ್ಪ ಕನ್ನಡಕ. ಅವರ ಮುಂದೆ ಪುಸ್ತಕ ತೆರೆದಿತ್ತು. ಸರ್ ಹೆಮ್ಮೆಯಿಂದ ಪುಟ ತೋರಿಸುತ್ತಿದ್ದರು.

'ಈ ಹನ್ನೆರಡನೇದ್ದು ನೋಡ್ರಿ ಮೇಡಂ. ಎಲ್ಲಾದರಾಗ ಇದ ಚಲೋ ಬಂದದ. ಆ ಹುಡುಗ ಎಷ್ಟು ಕಾದಾನ ನೋಡ್ರಿ. ಹೆಣ್ಣುಮಗಳು ತಾನಾಗೇ ಬಾಯಿ ಬಿಟ್ಟಾಳ. ಫೋನಿನಾಗ ಉಳದಿತ್ತಂತ, ಇವಳು ಹುಡುಕಿ ತಗದು ಬರದಾಳ.'

ಹಾಗೆಂದು ಅವರೇ ಊಹಿಸಿಕೊಂಡಿದ್ದರು. ಮೈಲೇಶ ಬದುಕಿದ್ದಾಗ ಯಾರೋ ಒಬ್ಬ ವಿಧವೆಯನ್ನು ಮಾತಾಡಿಸಿದ್ದ, ಅಷ್ಟೇ. ಆ ಕಾಗದದಲ್ಲಿ ಯಾರಿಗೂ ಏನೂ ತಪ್ಪು ಕಾಣುವಂತಿರಲಿಲ್ಲ. ಸುಚಿತ್ರಾ ಸುಮ್ಮನಿದ್ದರೆ ಸಾಕಿತ್ತು. ಪದವಿ, ಹಾಸ್ಟೆಲಿನ ಕೆಲಸ, ರಟ್ಟಿನ ಮೇಲೆ ಎರಡು ಹೆಸರು, ಎಲ್ಲ ಮೇಜಿನ ಆಚೆ ಕಡೆ ತಯಾರಾಗಿ ಕೂತಿದ್ದವು.

ಮೇಡಂ ಕನ್ನಡಕ ತೆಗೆದರು. 'ಐದನೇ ಅಧ್ಯಾಯದಾಗ ಹನ್ನೊಂದು ಮಂದಿಗೆ ಉತ್ತರ ಬರದೀಯವಾ. ಪುನರುತ್ಥಾನದ ಮಾತು, ನಿರೀಕ್ಷೆಯ ಮಾತು, ಎಲ್ಲಾ ಛಂದ ಅದ. ಈ ಹನ್ನೆರಡನೇ ಹೆಣ್ಣುಮಗಳಿಗೆ ಏನೂ ಬರದಿಲ್ಲ. ಯಾಕ? ಆಕಿಗೆ ಏನ್ ಹೇಳ್ತಿ ನೀನು?'

ಕೇಳಿ ಸುಮ್ಮನಾದರು. ಅವರ ಬಲಗೈಯ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಒಂದೊಂದಾಗಿ ಸರಿಯುವುದನ್ನು ಸುಚಿತ್ರಾ ಕಂಡಳು. ಈ ಪಾಠವನ್ನು ಬರೆದವರು ಬಹುಶಃ ಇವರೇ. ಹೆಬ್ಬೆರಳು ಕಿರುಬೆರಳನ್ನು ದಾಟಿ, ಉಂಗುರಬೆರಳನ್ನು ದಾಟಿ, ನಡುಬೆರಳಿಗೆ ಬಂತು. ಏಳು. ಎಂಟು. ಒಂಬತ್ತು.

'ಆಕಿ ನಾನ ರಿ ಮೇಡಂ.'

ವೀರೇಂದ್ರ ಸರ್ ಕೈಯಿಂದ ಪೆನ್ನಿನ ಮುಚ್ಚಳ ಜಾರಿ ಮೇಜಿನ ಕೆಳಗೆ ಉರುಳಿತು. ಅವರು ಅದನ್ನು ಹುಡುಕಲಿಲ್ಲ. ಸುಚಿತ್ರಾ ನಡೆದದ್ದನ್ನು ಹೇಳಿದಳು, ಕಡಿಮೆ ಮಾತಿನಲ್ಲಿ.

'ಇದು ಸುಳ್ಳುಸಾಕ್ಷಿ ಆಗತದ ಸುಚಿತ್ರಾ,' ಎಂದರು ಸರ್. ಅವರ ಧ್ವನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು.

'ಉತ್ತರ ಖರೇ ಅದಾವ್ರಿ ಸರ್. ಕೇಳಿದಾಂವನೂ ಖರೇ.'

'ತಾರೀಖು?'

'ತಾರೀಖ ಅಷ್ಟ ತಪ್ಪು.'

ಮೇಡಂ ಆ ಪುಟದ ತಾರೀಖಿನ ಕೆಳಗೆ ಒಂದು ಗೆರೆ ಎಳೆದರು. ಆಮೇಲೆ ಪುಸ್ತಕ ಮುಚ್ಚಿ ಸರ್ ಕಡೆಗೆ ತಳ್ಳಿದರು. 'ಪಾಸ್ ಮಾಡಾಕ ಬರೂದಿಲ್ಲ. ತೀರಿಕೊಂಡಾವ್ರ ಹೆಸರಿಲೆ ಸಂದರ್ಶನ ನಾ ಒಪ್ಪಿದ್ರ ನಾಳೆ ನನ್ನ ಕೇಳ್ತಾರ.' ಸುಚಿತ್ರಾಳ ಕಡೆ ತಿರುಗಿದರು. 'ಹದಿನೈದು ದಿನ ಕೊಡ್ತೀನಿ. ಉತ್ತರ ಕೊಡೋರು ಯಾರರ ಇರಲಿ, ನೀನ ಇದ್ರೂ ನನಗ ಅಡ್ಡಿ ಇಲ್ಲ. ಕೇಳೋರು ಬದುಕಿರಬೇಕು. ನಿಯಮ ಅಂದ್ರ ಇಷ್ಟ.'

ಹೊರಗೆ ಬಂದಾಗ ಭುವನಾ ಬಾಗಿಲಲ್ಲೇ ಕಾದಿದ್ದಳು. 'ಆತೇನ್ರಿ ಅಕ್ಕಾರ?'

'ಇಲ್ಲ.'

ಮೇಡಂ ಹೇಳಿದ್ದನ್ನು ಸುಚಿತ್ರಾ ತಿಳಿಸಿದಳು. 'ನಾ ಕೇಳಲೇನ್ರಿ ಹಂಗಾರ? ಬದುಕೇನಿ ನಾನು.' ಎಂದಳು ಭುವನಾ. ಕೋಣೆಯಲ್ಲಿ ಕೂತು ಒಂದು ಪ್ರಶ್ನೆ ಓದಿ ನೋಡಿದಳು. ಮೂರು ಎಣಿಸುವುದರೊಳಗೆ ಅವಳಿಗೆ ಅಳು ಬಂದು, ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದುಹೋದಳು.

ಅಮಾವಾಸ್ಯೆ ಭಾನುವಾರ ಬಂತು. ಸುಚಿತ್ರಾ ಬೆಳಗಿನ ಆರಾಧನೆ ಮುಗಿಸಿ ಅದೇ ಸೀರೆಯಲ್ಲಿ ಬಸ್ಸು ಹತ್ತಿದಳು. ಕುಪ್ಪೇಲೂರಿನ ಪ್ರತಿ ಮನೆಯಿಂದಲೂ ಹೋಳಿಗೆ ಬೇಯುವ ವಾಸನೆ ಬರುತ್ತಿತ್ತು.

'ನೀವು ನನ್ನ ಕೇಳಬೇಕು ಅತ್ತಿ,' ಎಂದಳು. 'ಅವನು ಕೇಳಿದ್ನಲ್ಲ, ಆ ಎಂಟು ಮಾತು. ನಾ ಹೇಳ್ತೀನಿ.'

ಉಚ್ಚಂಗೆವ್ವ ಒಲೆಯ ಮುಂದಿನಿಂದ ಏಳದೆ ನೋಡಿದಳು. 'ಓದು ಬಾರದಾಕಿ ನಾ. ನಾ ಕೇಳಿದ್ರ ನಿಮ್ಮ ಸಾಹೇಬ್ರು ಒಪ್ಪತಾರೇನು?'

'ಗೊತ್ತಿಲ್ಲ. ಕೇಳೋರು ಬದುಕಿರಬೇಕು ಅಂದಾರ.'

'ಬದುಕೇನಿ,' ಎಂದಳು ಉಚ್ಚಂಗೆವ್ವ, ಅದೊಂದು ತಪ್ಪು ಎನ್ನುವ ಹಾಗೆ. ಅನ್ನದ ಬೋಗುಣಿ ಇಳಿಸಿದಳು. 'ಕೇಳ್ತೇನಿ. ನಂದೂ ಒಂದು ಮಾತು ಕೇಳು. ನಿನ್ನ ಕೈಲೆ ನೀಡು.'

ಸುಚಿತ್ರಾ ಹತ್ತು ಎಣಿಸಿದಳು. ಆಮೇಲೆ ಕೈ ತೊಳೆದುಕೊಂಡು ಬಂದಳು.

ಗೋಡೆಯ ಬದಿಗೆ ಹಿರಿಯರಿಗೆಂದು ಎರಡು ಗಂಗಾಳ ಆಗಲೇ ಇದ್ದವು. ಮೂರನೆಯದನ್ನು ಸುಚಿತ್ರಾ ಇಟ್ಟಳು. ಹೋಳಿಗೆ, ಬದನೆಕಾಯಿ ಪಲ್ಯ, ಹೊಗೆಯಾಡುವ ಅನ್ನ, ಕಟ್ಟಿನ ಸಾರು. ಪ್ರಾರ್ಥನೆ ಮಾಡಲಿಲ್ಲ, ಕೈಯನ್ನೂ ಮುಗಿಯಲಿಲ್ಲ. ನೀಡಿದಳು, ಅಷ್ಟೇ. ಸಾರಿಗೆ ಉಪ್ಪು ಹಾಕಿದ್ದಾರೆಯೇ ಎಂದು ಒಮ್ಮೆ ನೆಕ್ಕಿ ನೋಡಬೇಕೆನಿಸಿತು. ಎಡೆಯದನ್ನು ಮೊದಲೇ ರುಚಿ ನೋಡುವಂತಿಲ್ಲ.

ಎಡೆ ಇಟ್ಟ ಮೇಲೆ ಚಿಲಕ ಹಾಕದೆ ಬಾಗಿಲು ಮುಂದಕ್ಕೆ ಮಾಡಿ ಮನೆಯವರು ಹೊರಗೆ ಕೂಡಬೇಕು. ಇದ್ದವರು ನೋಡುತ್ತಿದ್ದರೆ ಹೋದವರು ಉಣ್ಣುವುದಿಲ್ಲ. ಅತ್ತೆ ಸೊಸೆ ಕಟ್ಟೆಯ ಮೇಲೆ ಕೂತರು. ರೆಕಾರ್ಡ್ ಹಾಕಿ ಫೋನನ್ನು ಸುಚಿತ್ರಾ ಇಬ್ಬರ ನಡುವೆ, ಹೊಸ್ತಿಲ ಪಕ್ಕ ಇಟ್ಟಳು. ಓಣಿಯಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಅವರವರ ಅಂಗಳದೊಳಗೆ, ಬಾಗಿಲ ಹೊರಗೆ, ಅವರವರ ಹಿರಿಯರಿಗೆ ಕಾಯುತ್ತಿದ್ದರು.

ಉಚ್ಚಂಗೆವ್ವ ಕೇಳಿದಳು. ಒಂದು ಪ್ರಶ್ನೆಯನ್ನೂ ಬಿಡಲಿಲ್ಲ, ಹಿಂದುಮುಂದು ಮಾಡಲಿಲ್ಲ. ಮಗ ಎಲ್ಲಿ ಧ್ವನಿ ಇಳಿಸುತ್ತಿದ್ದನೋ ಅಲ್ಲೇ ಇಳಿಸಿದಳು. ಕೇಳಿ, ಸೀರೆಯ ಸೆರಗಿನೊಳಗೆ ಬೆರಳು ಮಡಚಿ ಎಣಿಸಿದಳು. ಏಳನೆಯದಕ್ಕೆ ಸುಚಿತ್ರಾ ಬಾಗಿಲು ಹಾಕಿಕೊಂಡ ಮುಂಜಾನೆಯ ಮಾತು ಹೇಳಿದಳು. ಉಚ್ಚಂಗೆವ್ವ ಹತ್ತು ಮುಗಿದ ಮೇಲೂ ಇನ್ನಷ್ಟು ಬೆರಳು ಮಡಚಿದಳು.

'ಹೋದೋರನ್ನ ತಿರಗಿ ಕಳಸಾಕ ಏನ್ ಮಾಡ್ತೀ ಯವ್ವಾ?'

ಹೊಸ್ತಿಲ ಮೇಲೆ ಒಂದು ಇರುವೆ ಹೋಳಿಗೆಯ ಚೂರು ಹೊತ್ತು ಹೋಗುತ್ತಿತ್ತು.

'ಪುಸ್ತಕ ಮುಗಸ್ತೇನಿ ಅತ್ತಿ.'

ಇಬ್ಬರೂ ಸುಮ್ಮನೆ ಕೂತರು. ಸುಚಿತ್ರಾ ಫೋನು ಆರಿಸಿದಳು. ಉಚ್ಚಂಗೆವ್ವ ಎದ್ದು ಬಾಗಿಲು ತಳ್ಳಿ ಒಳಗೆ ಹೋಗಿ, ಮೂರನೆಯ ಗಂಗಾಳದ ಅನ್ನದ ಮೇಲೆ ಬೆರಳ ಹಿಂಭಾಗ ಇಟ್ಟು ನೋಡಿದಳು. ಸೊಸೆಯನ್ನು ಕರೆಯಲಿಲ್ಲ, ತೋರಿಸಲೂ ಇಲ್ಲ. ಆ ಗಂಗಾಳವನ್ನು ಎತ್ತಿ ಅವಳ ಕೈಗೆ ಕೊಟ್ಟಳು. 'ಉಣ್ಣು. ಬಸ್ಸಿಗೆ ಹೊತ್ತಾಕ್ಕೈತಿ.'

ಅನ್ನ ತಣ್ಣಗಿತ್ತು. ಸಾರಿಗೆ ಉಪ್ಪು ಸರಿಯಾಗಿತ್ತು.

ಸೋಮವಾರ ಮಧ್ಯಾಹ್ನ ಮೂರಕ್ಕೆ ಸುಚಿತ್ರಾ ಕೋಣೆಯಲ್ಲಿ ಟೈಪ್ ಮಾಡಲು ಕೂತಳು. ಮಾಹಿತಿದಾರಳು ಹನ್ನೆರಡು. ಸಂದರ್ಶಕಿ: ಉಚ್ಚಂಗೆವ್ವ. ದಿನಾಂಕ, ನಿನ್ನೆಯದು, ಸರಿಯಾದದ್ದು. ಕರು ಕೂಗಿದ್ದು, ದೂರದ ಟ್ರ್ಯಾಕ್ಟರ್, ಅತ್ತೆಯ ಬಳೆಯ ಸದ್ದು, ಕೇಳಿದ್ದನ್ನೆಲ್ಲ ಬರೆದಳು. ಎಂಟನೆಯ ಉತ್ತರ ಬರೆದಳು. ಆಮೇಲೆ ಮೌನ. ಮೌನ ಎಂದೂ ಬರೆದಳು.

ಆ ಮೌನದ ಕೊನೆಯಲ್ಲಿ, ರೆಕಾರ್ಡ್ ನಿಲ್ಲುವ ಮುಂಚೆ, ಒಂದು ಸಣ್ಣ ಸದ್ದಿತ್ತು. ಅವಳು ಹಿಂದಕ್ಕೆ ಸರಿಸಿ ಕೇಳಿದಳು. ಮತ್ತೆ ಕೇಳಿದಳು. ಉಚ್ಚಂಗೆವ್ವ ಆಗ ಬಾಯಿ ತೆರೆದಿರಲಿಲ್ಲ, ತಾನೂ ತೆರೆದಿರಲಿಲ್ಲ, ಓಣಿಯಲ್ಲಿ ಯಾರೂ ಇರಲಿಲ್ಲ. ಸದ್ದು ಹತ್ತಿರದ್ದೇ, ಒಂದು ಹಲಗೆಯ ಆಚೆಯಿಂದ ಬಂದಷ್ಟು ಹತ್ತಿರದ್ದು. ನಾಲ್ಕನೆಯ ಸಲ ಅವಳು ಕೇಳಲಿಲ್ಲ.

ನಿಯಮದಂತೆ ಕಂಸದಲ್ಲಿ ಕೆಮ್ಮು ಎಂದು ಬರೆದಳು. ಕೆಮ್ಮಿದವರು ಯಾರೆಂದು ಬರೆಯಲು ಫಾರ್ಮಿನಲ್ಲಿ ಜಾಗವಿರಲಿಲ್ಲ. ಐದನೆಯ ಅಧ್ಯಾಯ ತೆರೆದು, ಹನ್ನೊಂದು ಉತ್ತರಗಳ ಕೆಳಗೆ ಹನ್ನೆರಡನೆಯ ಅಂಕಿ ಹಾಕಿ, 'ಈ ಮಾಹಿತಿದಾರಳಿಗೆ ಅಧ್ಯಯನಕಾರರ ಬಳಿ ಉತ್ತರವಿಲ್ಲ. ಆಕೆ ಕೇಳಿಸಿಕೊಳ್ಳುತ್ತಿದ್ದಾಳೆ' ಎಂದು ಎರಡು ಸಾಲು ಸೇರಿಸಿದಳು. ಫೋನನ್ನು ಆರಿಸಿ, ಮೇಜಿನ ಖಾನೆಯಲ್ಲಿಟ್ಟು, ಕಾಗದ ಎತ್ತಿಕೊಂಡು ಬುಡನಸಾಬನ ಅಂಗಡಿಗೆ ನಡೆದಳು. ಹೋಗುವಾಗ ಬಾಗಿಲನ್ನು ಹಾಕಲಿಲ್ಲ, ಮುಂದಕ್ಕೆ ಮಾಡಿದಳು.